ಐಇಎಲ್‌ಟಿಎಸ್‌ನಲ್ಲಿ ನೋಟದ ಕಾರ್ಡು ಬಂದರೆ: ಸ್ವಿಟ್ಜರ್ಲೆಂಡ್ ಬೇಡ, ಮಾಗಡಿ ಕೆರೆ ಸಾಕು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಹೋಗಿ ಬ್ರಿಟನ್, ಕೆನಡಾಗಳಲ್ಲಿ ನೆಲೆಯೂರಲು ಹೊರಟ ಬಹಳ ಮಂದಿಗೆ ಇಂಗ್ಲಿಷ್ ಮಾತಿನ ಪರೀಕ್ಷೆ ದಾಟದೆ ದಾರಿಯಿಲ್ಲ. ಹೆಚ್ಚಿನವರು ಬರೆಯುವುದು ಐಇಎಲ್‌ಟಿಎಸ್: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು (ಸ್ಪೀಕಿಂಗ್) ಎಂಬ ನಾಲ್ಕು ವಿಭಾಗ, ಪ್ರತಿಯೊಂದಕ್ಕೂ 9ರವರೆಗೆ ಅಂಕ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಇದರ ಅಕಾಡೆಮಿಕ್ ಹಾದಿ ಹಿಡಿದರೆ ಸ್ಪೀಕಿಂಗ್‌ನಲ್ಲಿ 7.0 ಬರಬೇಕು. ಕೆನಡಾ ಭಾಷೆಯ ಮಟ್ಟವನ್ನು ಸಿಎಲ್‌ಬಿ ಎಂಬ ತನ್ನದೇ ಅಳತೆಯಲ್ಲಿ ಎಣಿಸುತ್ತದೆ: ಸಿಎಲ್‌ಬಿ 7 ಎಂದರೆ ಸ್ಪೀಕಿಂಗ್ 6.0, ಸಿಎಲ್‌ಬಿ 9 ಎಂದರೆ 7.0. ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡೇ ವರ್ಷ ಆಯುಷ್ಯ. ಆದ್ದರಿಂದ ಆ ದೇಶಗಳಿಗೆ ಹೋಗಿ ಕೆಲಸ ಮಾಡುತ್ತಿರುವವರೂ ಮತ್ತೆ ಪರೀಕ್ಷೆಗೆ ಕೂರಬೇಕಾಗುವುದುಂಟು.

ಸ್ಪೀಕಿಂಗ್ ಒಟ್ಟು 11ರಿಂದ 14 ನಿಮಿಷ. ಮೊದಲ ಭಾಗ 4-5 ನಿಮಿಷ: ಊರು, ಕೆಲಸ, ಹವ್ಯಾಸ. ಎರಡನೆಯದರಲ್ಲಿ ಒಂದು ಕಾರ್ಡು, ಹಾಳೆ, ಪೆನ್ಸಿಲ್ ಕೊಡುತ್ತಾರೆ. ತಯಾರಿಗೆ ಒಂದು ನಿಮಿಷ, ಆಮೇಲೆ ಒಂದರಿಂದ ಎರಡು ನಿಮಿಷ ನೀವೊಬ್ಬರೇ ಮಾತಾಡಬೇಕು. ಮೂರನೆಯದು 4-5 ನಿಮಿಷದ ಚರ್ಚೆ, ಅದೇ ವಿಷಯದ ಸುತ್ತ. ಅಂಕ ನಾಲ್ಕು ಬಾಬತ್ತಿಗೆ ಸಮಪಾಲು: ತಡೆಯಿಲ್ಲದೆ ಹೊಂದಿಸಿ ಮಾತಾಡುವುದು, ಪದಸಂಪತ್ತು, ವ್ಯಾಕರಣ, ಉಚ್ಚಾರ. ನೀವು ಹೇಳಿದ ಜಾಗ ಎಷ್ಟು ಸುಂದರ ಎಂಬುದಕ್ಕೆ ಈ ನಾಲ್ಕರಲ್ಲಿ ಎಲ್ಲೂ ಅಂಕವಿಲ್ಲ.

ಇದು ಗೊತ್ತಿಲ್ಲದೆಯೇ ಜನ ಎಡವುತ್ತಾರೆ. ‘ನೀವು ಕಂಡ ಒಂದು ಸುಂದರ ನೋಟವನ್ನು ವಿವರಿಸಿ: ಅದು ಎಲ್ಲಿದೆ, ಯಾವಾಗ ಕಂಡಿರಿ, ಹೇಗಿತ್ತು, ಯಾಕೆ ಇಷ್ಟವಾಯಿತು’ ಎಂಬಂಥ ಕಾರ್ಡು ಬಂದ ಕೂಡಲೇ ಹೋಗಿಯೇ ಇರದ ಆಲ್ಪ್ಸ್ ಪರ್ವತವೋ ಪಟದಲ್ಲಿ ಕಂಡ ಕಾಶ್ಮೀರವೋ ನೆನಪಾಗುತ್ತದೆ. ಮೂವತ್ತು ಸೆಕೆಂಡಿನಲ್ಲಿ ‘ವೆರಿ ಬ್ಯೂಟಿಫುಲ್’, ‘ಫುಲ್ ಗ್ರೀನರಿ’, ‘ಬ್ರೆತ್‌ಟೇಕಿಂಗ್’ ಎಲ್ಲ ಮುಗಿದು ಮಾತು ನಿಲ್ಲುತ್ತದೆ. ಕೋಚಿಂಗ್ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿದ ಉತ್ತರವೂ ಕೈಹಿಡಿಯುವುದಿಲ್ಲ. ಪಾಠ ಒಪ್ಪಿಸುವ ದನಿಯನ್ನು ಪರೀಕ್ಷಕರು ಗುರುತಿಸುತ್ತಾರೆ, ಆ ಭಾಗಕ್ಕೆ ಅಂಕ ಸಿಗುವುದಿಲ್ಲ.

ಹಾಗಾದರೆ ಎರಡು ನಿಮಿಷ ತುಂಬುವುದು ಯಾವುದರಿಂದ? ಯಾವುದು ಎಲ್ಲಿದೆ, ಯಾವುದು ಚಲಿಸುತ್ತಿದೆ, ಹೊತ್ತು ಏರಿದಂತೆ ಇಳಿದಂತೆ ಏನು ಬದಲಾಯಿತು ಎಂಬುದರಿಂದ. ಗುಣವಾಚಕ ಬೇಗ ಬರಿದಾಗುತ್ತದೆ, ಕ್ರಿಯಾಪದ ಆಗುವುದಿಲ್ಲ. ಆದ್ದರಿಂದ ಕಣ್ಣಾರೆ ಕಂಡ, ಕಣ್ಣು ಮುಚ್ಚಿದರೂ ಎಡಬಲ ಹೇಳಬಲ್ಲ ಜಾಗವನ್ನೇ ಆರಿಸಿಕೊಳ್ಳಿ. ಉಣಕಲ್ ಕೆರೆಯ ಸಂಜೆ, ನೃಪತುಂಗ ಬೆಟ್ಟದ ಮೇಲಿಂದ ಕಾಣುವ ಹುಬ್ಬಳ್ಳಿಯ ದೀಪಗಳು, ಒಣಗಲು ಹರವಿದ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಯಲು, ಎಳ್ಳ ಅಮವಾಸ್ಯೆಯ ಹೊತ್ತಿನ ಹಿಂಗಾರಿ ಜೋಳದ ಹೊಲ: ಯಾವುದಾದರೂ ಆದೀತು.

ಇಲ್ಲಿ ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯನ್ನು ಇಟ್ಟುಕೊಳ್ಳೋಣ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುವ ಕೆರೆ ಇದು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನೋಟದ ಕಾರ್ಡಿಗೆ, ನೀರಿನ ಜಾಗದ ಕಾರ್ಡಿಗೆ, ಕಾಡುಪ್ರಾಣಿ ಕಾರ್ಡಿಗೆ, ಪ್ರವಾಸದ ಕಾರ್ಡಿಗೆ, ನಾಲ್ಕಕ್ಕೂ ಹೊಂದುತ್ತದೆ.

ತಯಾರಿಯ ನಿಮಿಷದಲ್ಲಿ ಪೂರ್ತಿ ವಾಕ್ಯ ಬರೆಯಬೇಡಿ. ಬರೆದರೆ ಎರಡೇ ವಾಕ್ಯಕ್ಕೆ ಸಮಯ ಮುಗಿಯುತ್ತದೆ, ಆಮೇಲೆ ತಲೆ ತಗ್ಗಿಸಿ ಓದತೊಡಗುತ್ತೀರಿ. ಏಳೆಂಟು ಪದ ಸಾಕು: ಬಂಡ್ (ಕೆರೆಯ ಏರಿ), ಜನವರಿ, ಹತ್ತಿರ, ನಡುವೆ, ದೂರ, ಬೆಳಕು, ಸದ್ದು, ಯಾಕೆ. ಕನ್ನಡದಲ್ಲಿ ಗುರುತು ಹಾಕಿಕೊಂಡರೂ ಯಾರೂ ಕೇಳುವುದಿಲ್ಲ, ಆದರೆ ಇಂಗ್ಲಿಷ್ ಪದವನ್ನೇ ಬರೆದರೆ ಮಾತಾಡುವಾಗ ತಡಕಾಡುವುದು ತಪ್ಪುತ್ತದೆ.

ಸಮಯವನ್ನು ಹೀಗೆ ಹಂಚಿ: ಎಲ್ಲಿ, ಯಾವಾಗ ಎಂಬುದಕ್ಕೆ ಸುಮಾರು 30 ಸೆಕೆಂಡು, ನೋಟಕ್ಕೆ ಒಂದು ನಿಮಿಷ, ಯಾಕೆ ಎಂಬುದಕ್ಕೆ ಉಳಿದ 30. ಎಲ್ಲರೂ ಅವಸರ ಮಾಡುವುದು ನಡುವಿನ ನಿಮಿಷದಲ್ಲಿ. ಅಲ್ಲಿ ಮೊದಲು ನೀವು ನಿಂತ ಜಾಗ ಹೇಳಿ: ‘ಐ ವಾಸ್ ಸ್ಟ್ಯಾಂಡಿಂಗ್ ಆನ್ ದ ಬಂಡ್, ವಿದ್ ದ ವಾಟರ್ ಆನ್ ಮೈ ಲೆಫ್ಟ್ ಅಂಡ್ ಗ್ರೌಂಡ್‌ನಟ್ ಫೀಲ್ಡ್ಸ್ ಆನ್ ಮೈ ರೈಟ್.’ ಈ ಒಂದು ವಾಕ್ಯದಿಂದ ಕೇಳುವವರಿಗೆ ಚಿತ್ರ ಕೂರುತ್ತದೆ, ನಿಮಗೆ ಮುಂದಿನ ದಾರಿ ಸಿಗುತ್ತದೆ. ಆಮೇಲೆ ಹತ್ತಿರದಿಂದ ದೂರಕ್ಕೆ ಹೋಗಿ: ‘ಕ್ಲೋಸ್ ಟು ದ ಎಡ್ಜ್’, ‘ಫರ್ದರ್ ಔಟ್’, ‘ಇನ್ ದ ಡಿಸ್ಟೆನ್ಸ್ ಯೂ ಕುಡ್ ಜಸ್ಟ್ ಮೇಕ್ ಔಟ್’. ಕಡೆಗೆ ಬದಲಾವಣೆ: ‘ಆಸ್ ದ ಲೈಟ್ ಫೇಡೆಡ್, ದ ಗೀಸ್ ಟುಕ್ ಆಫ್ ಇನ್ ಗ್ರೂಪ್ಸ್.’ ಇಷ್ಟರಲ್ಲಿ ಒಂದು ಸಲವೂ ‘ಬ್ಯೂಟಿಫುಲ್’ ಬರಲಿಲ್ಲ ನೋಡಿ.

ನಮ್ಮ ಸೀಮೆಯ ಪದಗಳಿಗೆ ಹೆದರಬೇಡಿ, ಅವುಗಳಿಂದಲೇ ಅಂಕ ಗಳಿಸಬಹುದು. ಬಂಡ್ ಎಂದ ಕೂಡಲೇ ‘ದಟ್ಸ್ ದ ರೇಸ್ಡ್ ಅರ್ತ್ ವಾಲ್ ದಟ್ ಹೋಲ್ಡ್ಸ್ ದ ವಾಟರ್’ ಎಂದು ಬಿಡಿಸಿ ಹೇಳಿ. ಜೋಳ ಎಂದರೆ ‘ಎ ಟಾಲ್ ಗ್ರೇನ್ ಕ್ರಾಪ್, ವೀ ಮೇಕ್ ಅವರ್ ಫ್ಲ್ಯಾಟ್ ಬ್ರೆಡ್ ಫ್ರಮ್ ಇಟ್’. ಒಂದನ್ನು ಬೇರೆ ಮಾತಿನಲ್ಲಿ ಹೇಳಬಲ್ಲಿರಾ ಎಂಬುದು ಪದಸಂಪತ್ತಿನ ಅಳತೆಯಲ್ಲೇ ಇದೆ. ಆಲ್ಪ್ಸ್ ಬಗ್ಗೆ ಹೇಳುವಾಗ ಇಂಥ ಅವಕಾಶ ಸಿಗದು.

ವ್ಯಾಕರಣದಲ್ಲಿ ದೊಡ್ಡ ಹಳ್ಳ ಕಾಲದ್ದು. ಕೆರೆ ಇವತ್ತೂ ಅಲ್ಲೇ ಇದೆ: ವರ್ತಮಾನ. ನೀವು ಕಂಡದ್ದು ಅಂದು: ಭೂತ. ‘ದ ಲೇಕ್ ಲೈಸ್ ನಿಯರ್ ಶಿರಹಟ್ಟಿ’ ಎಂದು ಶುರು ಮಾಡಿ ‘ವೀ ಗಾಟ್ ದೇರ್ ಅರೌಂಡ್ ಫೋರ್’ ಎಂದು ಜಿಗಿಯುವುದು ಸರಿ. ಆದರೆ ಅಂದಿನ ಕಥೆಯ ನಡುವೆ ‘ದೆನ್ ದ ಬರ್ಡ್ಸ್ ಆರ್ ಫ್ಲೈಯಿಂಗ್’ ಎಂದರೆ ತಪ್ಪು ಎಣಿಕೆಗೆ ಸೇರುತ್ತದೆ. 7ರ ಮಟ್ಟಕ್ಕೆ ತಪ್ಪಿಲ್ಲದ ವಾಕ್ಯಗಳು ಆಗಾಗ ಬರಬೇಕು, ಜೊತೆಗೆ ಸಂಕೀರ್ಣ ವಾಕ್ಯಗಳೂ ಬೇಕು. ಅದಕ್ಕೊಂದನ್ನು ಕೈಯಲ್ಲಿಟ್ಟುಕೊಳ್ಳಿ: ‘ಇಫ್ ವೀ ಹ್ಯಾಡ್ ಗಾನ್ ಇನ್ ಮೇ, ದೇರ್ ವುಡ್ ಹ್ಯಾವ್ ಬೀನ್ ನೋ ಗೀಸ್ ಅಟ್ ಆಲ್.’

ಕನ್ನಡದ ಅಚ್ಚಿನಿಂದ ಬರುವ ತಪ್ಪುಗಳು ಬೇರೆ. ‘ಸಣ್ಣ ಸಣ್ಣ ಗುಡ್ಡ’ ಎಂದು ಯೋಚಿಸಿದವರು ‘ಸ್ಮಾಲ್ ಸ್ಮಾಲ್ ಹಿಲ್ಸ್’ ಎನ್ನುತ್ತಾರೆ. ‘ಎ ಫ್ಯೂ ಲೋ ಹಿಲ್ಸ್’ ಎನ್ನಿ. ‘ಒನ್ ಲೇಕ್ ಈಸ್ ದೇರ್’ ಬದಲು ‘ದೇರ್ಸ್ ಎ ಲೇಕ್’. ‘ಸೀನರಿ’ಗೆ ಬಹುವಚನವಿಲ್ಲ, ‘ಸೀನರೀಸ್’ ಎನ್ನಬೇಡಿ. ಅಂದಿನ ತಂಪು, ಬಿಸಿಲಿಗೆ ‘ವೆದರ್’. ‘ಕ್ಲೈಮೆಟ್’ ಎಂದರೆ ಆ ಸೀಮೆಯ ವರ್ಷಗಟ್ಟಲೆಯ ಹವಾಮಾನ. ಬೆಟ್ಟಕ್ಕೆ ‘ಇನ್’ ಅಲ್ಲ, ‘ಆನ್’.

ಉಚ್ಚಾರದಲ್ಲಿ ನಮ್ಮ ಧಾಟಿಗೆ ಅಂಕ ಕಳೆಯುವುದಿಲ್ಲ. ಅರ್ಥವಾಗದಿದ್ದರೆ, ಕೇಳುವವರು ತಿಣುಕಬೇಕಾದರೆ ಕಳೆಯುತ್ತಾರೆ. ನೋಟದ ವಿಷಯಕ್ಕೆ ಬರುವ ಪದಗಳಲ್ಲಿ ಮೂರು ಕಡೆ ಎಚ್ಚರ ಬೇಕು. ‘ಲೇಕು, ಹಿಲ್ಲು, ವ್ಯೂವು’ ಎಂದು ಕೊನೆಗೆ ಸ್ವರ ಅಂಟಿಸುವುದು ಒಂದು. ‘ಯೆವನಿಂಗ್’, ‘ಯೆಂಡ್’ ಎಂದು ಮೊದಲಿಗೆ ಯಕಾರ ನುಸುಳುವುದು ಇನ್ನೊಂದು. ಹೊರೈಜನ್, ಬ್ರೀಜ್‌ಗಳಲ್ಲಿ ಜಕಾರವನ್ನು ಒತ್ತುವುದು ಮತ್ತೊಂದು. ‘ಸ’ ಹೇಳುತ್ತ ಗಂಟಲನ್ನು ಗುಂಯ್‌ಗುಟ್ಟಿಸಿದರೆ ಸರಿಯಾದ ದನಿ ಬರುತ್ತದೆ, ನಾಲಿಗೆ ಮೇಲಕ್ಕೆ ಅಂಟಬಾರದು. ‘ವ್ಯೂ’ ಎನ್ನುವಾಗ ಮೇಲಿನ ಹಲ್ಲು ಕೆಳತುಟಿ ಮುಟ್ಟಲಿ, ‘ವಾಟರ್’ ಎನ್ನುವಾಗ ಬೇಡ, ತುಟಿ ದುಂಡಗಾದರೆ ಸಾಕು. ಹೊರೈಜನ್‌ನಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ.

ಎರಡು ನಿಮಿಷವಾದಾಗ ಪರೀಕ್ಷಕರು ನಡುವೆಯೇ ತಡೆಯುತ್ತಾರೆ. ಅದು ಕೆಟ್ಟ ಸೂಚನೆಯಲ್ಲ, ನಿಯಮ. ಅಪಾಯವಿರುವುದು ಒಂದು ನಿಮಿಷಕ್ಕೂ ಮೊದಲೇ ಮಾತು ಮುಗಿದರೆ. ಮಾತು ಬತ್ತುತ್ತಿದೆ ಅನ್ನಿಸಿದರೆ ಹಿಂದಿನ ಕಾಲಕ್ಕೆ ಹೊರಳಿ, ‘ವೆನ್ ಐ ವಾಸ್ ಎ ಚೈಲ್ಡ್, ಇಟ್ ಯೂಸ್ಡ್ ಟು ಬಿ’ ಎಂದು ಎತ್ತಿಕೊಳ್ಳಿ. ಮೂವತ್ತು ಸೆಕೆಂಡು ಅನಾಯಾಸವಾಗಿ ಸಾಗುತ್ತದೆ. ಮನೆಯಲ್ಲಿ ಫೋನಿಗೆ ರೆಕಾರ್ಡ್ ಮಾಡಿ ನೋಡಿ: ಎರಡು ನಿಮಿಷಕ್ಕೆ ಸಹಜ ವೇಗದಲ್ಲಿ ಸುಮಾರು 220ರಿಂದ 260 ಪದ ಬೇಕು. ಒಂದೇ ಕೆರೆಯನ್ನು ಪ್ರತಿಸಲ ಬೇರೆ ವಾಕ್ಯದಿಂದ ಶುರು ಮಾಡಿದರೆ ಬಾಯಿಪಾಠದ ದನಿ ಹತ್ತಿರ ಸುಳಿಯುವುದಿಲ್ಲ.

ಮೂರನೆಯ ಭಾಗದಲ್ಲಿ ನಿಮ್ಮ ಕೆರೆ ಹಿಂದೆ ಸರಿಯುತ್ತದೆ. ಪ್ರವಾಸಿಗರು ಹೆಚ್ಚಾದರೆ ಜಾಗ ಕೆಡುತ್ತದೆಯೇ, ನಗರದವರಿಗೆ ಹಸಿರು ಯಾಕೆ ಬೇಕು, ಜನ ನೋಡುವ ಬದಲು ಫೋಟೊ ತೆಗೆಯುವುದೇಕೆ ಎಂಬ ಜಾಡಿನ ಪ್ರಶ್ನೆಗಳು. ಇಲ್ಲಿ ‘ನಾನು, ನಮ್ಮೂರು’ ಬಿಟ್ಟು ‘ಪೀಪಲ್ ಟೆಂಡ್ ಟು’ ಎಂದು ಸಾಮಾನ್ಯ ಮಾತಿಗೆ ಹೋಗಿ. ಅಭಿಪ್ರಾಯ, ಕಾರಣ, ಒಂದು ಉದಾಹರಣೆ, ಆಮೇಲೆ ಎದುರು ಪಕ್ಷಕ್ಕೆ ಒಂದು ಮಾತು. ಪ್ರಶ್ನೆ ತಿಳಿಯದಿದ್ದರೆ ಕೇಳಿ, ಬೇರೆ ರೀತಿಯಲ್ಲಿ ಹೇಳುತ್ತಾರೆ.

ಇಷ್ಟಾಗಿಯೂ ಬೇಕಾದ ಅಂಕಕ್ಕೆ ಅರ್ಧ ಕಡಿಮೆ ಬಂದರೆ, ಪರೀಕ್ಷೆಯ ದಿನದಿಂದ ಆರು ವಾರದೊಳಗೆ ಮರುಮೌಲ್ಯಮಾಪನ ಕೇಳಬಹುದು. ಸ್ಪೀಕಿಂಗ್ ಪೂರ್ತಿ ರೆಕಾರ್ಡ್ ಆಗಿರುತ್ತದೆ, ಬೇರೆ ಪರೀಕ್ಷಕರು ಕೇಳಿ ಅಂಕ ಕೊಡುತ್ತಾರೆ, ಅಂಕ ಏರಿದರೆ ಕಟ್ಟಿದ ಹಣ ವಾಪಸು. ಒಂದೇ ವಿಭಾಗವನ್ನು ಮತ್ತೆ ಬರೆಯುವ ಸೌಲಭ್ಯವೂ ಇದೆ, ಆದರೆ ಎಲ್ಲ ಸಂಸ್ಥೆಗಳೂ ಅದನ್ನು ಒಪ್ಪುವುದಿಲ್ಲ. ಹಣ ಕಟ್ಟುವ ಮೊದಲು ನಿಮ್ಮ ವೀಸಾ ಅಥವಾ ನೋಂದಣಿ ಕಚೇರಿಯ ನಿಯಮ ಓದಿಕೊಳ್ಳಿ.