ದೂರದ ಕಂಪ್ಯೂಟರಿಗೆ ಸಂಪರ್ಕವಿದೆಯೇ ಎಂದು ಪರೀಕ್ಷಿಸುವ ಬಗೆ

ಸರ್ವರ್ ತೆರೆಯುತ್ತಿಲ್ಲವೆಂಬ ದೂರು ಬಂದಾಗ ಸರ್ವರನ್ನೇ ದೂಷಿಸುವ ಮೊದಲು, ದಾರಿ ಎಲ್ಲಿ ತುಂಡಾಗಿದೆ ಎಂಬುದನ್ನು ಹತ್ತಿರದಿಂದ ದೂರಕ್ಕೆ ಸಾಗುತ್ತ ನೋಡಬೇಕು. ದೂರದ ಕಂಪ್ಯೂಟರಿಗೆ ಸಣ್ಣ ಸಂದೇಶ ಕಳುಹಿಸಿ ಉತ್ತರಕ್ಕೆ ಕಾಯುವ, ಮೈಕ್ ಮೂಸ್ 1983ರಲ್ಲಿ ಬರೆದ ಪಿಂಗ್ (ping) ಎಂಬ ಕಮಾಂಡ್ ಈ ಕೆಲಸಕ್ಕೆ ಇಂದಿಗೂ ಒದಗುತ್ತದೆ.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಎಂದು ಟೈಪಿಸಿ, ಒಂದು ಸ್ಪೇಸ್ ಬಿಟ್ಟು, ಮೊದಲು ನಿಮ್ಮ ರೂಟರಿನ ಐಪಿ ವಿಳಾಸವನ್ನು ಕೊಡಿ. ಅದು ಹಲವು ಮನೆಗಳಲ್ಲಿ 192.168.1.1 ಆಗಿರುತ್ತದೆ. ಉತ್ತರ ಬಾರದಿದ್ದರೆ ಕೇಬಲ್ ಅಥವಾ ವೈಫೈಯನ್ನು ನೋಡಿಕೊಳ್ಳಿ. ಬಂದರೆ ಗೂಗಲ್‌ನ ಸಾರ್ವಜನಿಕ ಸರ್ವರಿನ ವಿಳಾಸವಾದ 8.8.8.8ಕ್ಕೆ, ಅನಂತರ ದೂರದ ಕಂಪ್ಯೂಟರಿನ ಹೆಸರಿಗೆ ಪಿಂಗ್ ಮಾಡಿ. ಸಂಖ್ಯೆಗೆ ಉತ್ತರ ಬಂದು, ಹೆಸರು ಮಾತ್ರ ಪತ್ತೆಯಾಗಲಿಲ್ಲವೆಂದು ತೋರಿಸಿದರೆ, ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಕಡೆ ಗಮನ ಹರಿಸಬೇಕು.

ವಿಂಡೋಸ್ 4 ಪ್ಯಾಕೆಟ್ (ಸಣ್ಣ ಸಂದೇಶ) ಕಳುಹಿಸಿ ನಿಲ್ಲಿಸುತ್ತದೆ. ಆಗಾಗ ಕಡಿದುಹೋಗುವ ಸಂಪರ್ಕವನ್ನು ಅಷ್ಟರಿಂದ ಅಳೆಯಲಾಗದು. ಕಮಾಂಡಿನ ಕೊನೆಯಲ್ಲಿ -ಟಿ (-t) ಸೇರಿಸಿ ಹತ್ತು ನಿಮಿಷ ಓಡಲು ಬಿಟ್ಟು, ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ನಿಲ್ಲಿಸಿ. 20 ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದ ಉತ್ತರದ ಸಮಯ ಇದ್ದಕ್ಕಿದ್ದಂತೆ 900ಕ್ಕೆ ಜಿಗಿದು ಮರಳುತ್ತಿದ್ದರೆ, ಪ್ಯಾಕೆಟ್ ಒಂದೂ ಕಳೆದುಹೋಗದಿದ್ದರೂ ವಿಡಿಯೊ ಕರೆ ತಡವರಿಸುತ್ತದೆ.

‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದ ಮಾತ್ರಕ್ಕೆ ಆ ಕಂಪ್ಯೂಟರ್ ಆಫ್ ಆಗಿದೆ ಎಂದು ತೀರ್ಮಾನಿಸಬಾರದು (ಅನುಭವಸ್ಥರೂ ಇಲ್ಲಿ ಎಡವುವುದುಂಟು); ಪಿಂಗ್ ಬಳಸುವ ಐಸಿಎಂಪಿ ಸಂದೇಶಗಳನ್ನು ಫೈರ್‌ವಾಲ್‌ಗಳು ತಡೆಯುವುದು ಸಾಮಾನ್ಯ. ಆಗ ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡಿಗೆ ಕಂಪ್ಯೂಟರಿನ ಹೆಸರನ್ನೂ ಪೋರ್ಟ್ (ಒಂದೊಂದು ಸೇವೆಗೆ ಮೀಸಲಾದ ದ್ವಾರ) ಸಂಖ್ಯೆಯನ್ನೂ ಕೊಡಿ. ಸುರಕ್ಷಿತ ವೆಬ್‌ಸೈಟಾದರೆ 443, ರಿಮೋಟ್ ಡೆಸ್ಕ್‌ಟಾಪ್ ಆದರೆ 3389. ಕೊನೆಯ ಸಾಲಿನಲ್ಲಿ ‘ಟ್ರೂ’ ಎಂದಿದ್ದರೆ ಆ ಪೋರ್ಟಿನವರೆಗೆ ದಾರಿ ತೆರೆದಿದೆ. ಇನ್ನು ಹುಡುಕಬೇಕಾದದ್ದು ಅಲ್ಲಿನ ಸಾಫ್ಟ್‌ವೇರಿನಲ್ಲಿ.