ಮೂರು ಸರ್ವರ್, ಒಂದು ವರದಿ: ನನ್ನ ಅನುಭವ

ಹೊರರೋಗಿ ವಿಭಾಗಕ್ಕೆ ಬಂದವರಲ್ಲಿ ಎಷ್ಟು ಮಂದಿ ನಮ್ಮಲ್ಲಿಯೇ ರಕ್ತಪರೀಕ್ಷೆ ಮಾಡಿಸುತ್ತಾರೆ, ಎಷ್ಟು ಮಂದಿ ನಮ್ಮಲ್ಲಿಯೇ ಔಷಧಿ ಕೊಳ್ಳುತ್ತಾರೆ? ನಾನು ಕೆಲಸ ಮಾಡುವ ಆಸ್ಪತ್ರೆಯ ಆಡಳಿತ ಮಂಡಳಿಗೆ ಪ್ರತಿ ತಿಂಗಳೂ ಬೇಕಿದ್ದುದು ಇಷ್ಟೇ. ಆದರೆ ನೋಂದಣಿ ಮತ್ತು ಬಿಲ್ಲಿಂಗ್ ಒಂದು ಪೋಸ್ಟ್‌ಗ್ರೆಸ್ (ದತ್ತಾಂಶ ಇಡುವ ಡೇಟಾಬೇಸ್ ತಂತ್ರಾಂಶ) ಸರ್ವರ್‌ನಲ್ಲಿ, ಪ್ರಯೋಗಾಲಯ ಇನ್ನೊಂದು ಪೋಸ್ಟ್‌ಗ್ರೆಸ್‌ನಲ್ಲಿ, ಔಷಧಿ ಮಳಿಗೆ ಅಂಥದೇ ಇನ್ನೊಂದು ತಂತ್ರಾಂಶ ಮೈಎಸ್‌ಕ್ಯೂಎಲ್‌ನಲ್ಲಿ. ಹಿಂದೆ ಮೂರೂ ಕಡೆಯಿಂದ ಎಕ್ಸೆಲ್ ಫೈಲ್ ಇಳಿಸಿಕೊಂಡು, ಹೆಸರು, ಮೊಬೈಲ್ ಸಂಖ್ಯೆ, ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಇಮೇಲ್‌ನಲ್ಲಿ ಕಳುಹಿಸುತ್ತಿದ್ದರು. ‘ಎಷ್ಟು ಮಂದಿ’ ಎಂದು ಕೇಳಿದವರಿಗೆ ‘ಯಾರು ಯಾರು’ ಎಂಬುದೂ ತಲುಪುತ್ತಿತ್ತು.

ಸರ್ವರ್‌ಗಳನ್ನು ಜೋಡಿಸುವುದು ಕಷ್ಟವಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ 2013ರಿಂದಲೇ, ಅಂದರೆ 9.3ನೇ ಆವೃತ್ತಿಯಿಂದ, ಪೋಸ್ಟ್‌ಗ್ರೆಸ್ ಎಫ್‌ಡಿಡಬ್ಲ್ಯೂ ಎಂಬ ಸೌಲಭ್ಯವಿದೆ. ದೂರದ ಸರ್ವರ್‌ನ ಟೇಬಲ್ ನಮ್ಮಲ್ಲಿಯೇ ಇದ್ದಂತೆ ಕ್ವೆರಿ, ಅಂದರೆ ದತ್ತಾಂಶ ಕೇಳುವ ಆದೇಶ, ಬರೆಯಬಹುದು. ಒಂದೇ ಆದೇಶದಲ್ಲಿ ಇಡೀ ಸ್ಕೀಮಾವನ್ನೇ (ಟೇಬಲ್‌ಗಳ ಗುಂಪನ್ನೇ) ಎಳೆದುಕೊಳ್ಳಲೂ ಬರುತ್ತದೆ. ನನಗೆ ಅದು ಬೇಡವಾಗಿತ್ತು. ಮೂಲ ಸರ್ವರ್‌ಗಳಲ್ಲಿ ವರದಿಗೆಂದೇ ಪ್ರತ್ಯೇಕ ಸ್ಕೀಮಾ ಮಾಡಿ, ಬೇಕಾದ ಕಾಲಂಗಳಷ್ಟೇ ಇರುವ ವ್ಯೂಗಳನ್ನು (ಟೇಬಲ್‌ನ ಆಯ್ದ ಭಾಗವನ್ನಷ್ಟೇ ತೋರಿಸುವ ಕಿಟಕಿಗಳನ್ನು) ಅಲ್ಲಿಟ್ಟೆ. ವರದಿಯ ಬಳಕೆದಾರನಿಗೆ ಆ ವ್ಯೂಗಳನ್ನು ಓದುವ ಅನುಮತಿ ಬಿಟ್ಟರೆ ಬೇರೇನೂ ಇಲ್ಲ. ಅಸಲು ಟೇಬಲ್ ಮುಟ್ಟಹೋದರೆ ಸರ್ವರ್ ತಡೆಯುತ್ತದೆ.

ಆದರೆ ಹೆಸರು, ಸಂಖ್ಯೆ ತೆಗೆದುಹಾಕಿದ ಮೇಲೆ ಒಬ್ಬನೇ ರೋಗಿಯ ದಾಖಲೆಗಳನ್ನು ಹೊಂದಿಸುವುದು ಹೇಗೆ? ಮೂರೂ ಕಡೆ ಇದ್ದುದು ಮೊಬೈಲ್ ಸಂಖ್ಯೆಯೊಂದೇ. ಅದನ್ನು ಹ್ಯಾಶ್ ಮಾಡಿದರೆ, ಅಂದರೆ ಒಂದೇ ಸಂಖ್ಯೆಗೆ ಸದಾ ಒಂದೇ ಸಂಕೇತ ಕೊಡುವ, ಹಿಂದಕ್ಕೆ ತಿರುಗಿಸಲಾಗದ ಸೂತ್ರದಿಂದ ಬದಲಿಸಿದರೆ, ಸಾಕು ಎಂದು ಹಲವರು ಸಲಹೆ ಕೊಟ್ಟರು. ಸಾಲದು. ಭಾರತದ ಮೊಬೈಲ್ ಸಂಖ್ಯೆ ಹತ್ತು ಅಂಕಿಯದು, ಮೊದಲ ಅಂಕಿ 6ರಿಂದ 9ರ ಒಳಗೆ. ಒಟ್ಟು ಸಾಧ್ಯತೆ 400 ಕೋಟಿ. ಸಾಧಾರಣ ಕಂಪ್ಯೂಟರ್ ಕೂಡ ಅವಷ್ಟನ್ನೂ ಕೆಲವೇ ಗಂಟೆಗಳಲ್ಲಿ ಹ್ಯಾಶ್ ಮಾಡಿ, ಯಾವುದು ಯಾರ ಸಂಖ್ಯೆ ಎಂದು ಪತ್ತೆ ಹಚ್ಚಬಲ್ಲದು. ಹಾಗಾಗಿ ರಹಸ್ಯ ಕೀಲಿ ಬೇಡುವ ಎಚ್‌ಮ್ಯಾಕ್ ಎಂಬ ಹ್ಯಾಶ್ ವಿಧಾನ ಬಳಸಿದೆ. ಕೀಲಿ ಮೂಲ ಸರ್ವರ್‌ಗಳಲ್ಲಿ ಮಾತ್ರ ಇದೆ, ವರದಿ ಸಿದ್ಧವಾಗುವ ಸರ್ವರ್‌ಗೆ (ವರದಿ ಸರ್ವರ್‌ಗೆ) ಬರುವುದೇ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಎಚ್‌ಮ್ಯಾಕ್ ಫಂಕ್ಷನ್ನನ್ನು ವ್ಯೂ ಒಳಗೇ ಕರೆದರೆ, ಅದನ್ನು ನಡೆಸುವ ಅನುಮತಿಯನ್ನು ವ್ಯೂ ಓದುವವನಿಗೂ ಕೊಡಬೇಕಾಗುತ್ತದೆ. ಆಗ ಅವನು ತನಗೆ ಬೇಕಾದ ಯಾವ ಸಂಖ್ಯೆಯನ್ನಾದರೂ ಅದಕ್ಕೆ ಕೊಟ್ಟು ಹೋಲಿಸಿ ನೋಡಬಹುದು. ಕೀಲಿ ಬಚ್ಚಿಟ್ಟದ್ದು ವ್ಯರ್ಥ. ಆದ್ದರಿಂದ ಎಚ್‌ಮ್ಯಾಕ್ ಸಂಕೇತವನ್ನು ಮೊದಲೇ ಲೆಕ್ಕ ಹಾಕಿ ಪಕ್ಕದ ಟೇಬಲ್‌ನಲ್ಲಿ ಬರೆದಿಡುತ್ತೇನೆ, ವ್ಯೂ ಅದನ್ನು ತೋರಿಸುತ್ತದೆ ಅಷ್ಟೆ. ಅದಕ್ಕೂ ಮುಂಚೆ +91, ಮುಂದಿನ ಸೊನ್ನೆ, ನಡುವಿನ ಖಾಲಿ ಜಾಗ ಇವನ್ನೆಲ್ಲ ಕಳೆಯಬೇಕು. ಒಂದೇ ಒಂದು ಅಕ್ಷರ ಹೆಚ್ಚಾದರೂ ಸಂಕೇತ ಪೂರ್ತಿ ಬೇರೆಯಾಗುತ್ತದೆ, ಕಣ್ಣಳತೆಯಲ್ಲಿ ಹೊಂದಿಸುವ ಅವಕಾಶವೂ ಇರುವುದಿಲ್ಲ. ಒಂದೇ ಮನೆಯ ನಾಲ್ವರು ಒಂದೇ ಸಂಖ್ಯೆ ಕೊಟ್ಟಿರುತ್ತಾರೆ, ನಿಜ. ಈ ವರದಿಗೆ ಮನೆಯ ಮಟ್ಟದ ಲೆಕ್ಕ ಸಾಕು ಎಂದು ಮಂಡಳಿಯವರನ್ನು ಒಪ್ಪಿಸಿದೆ.

ಸಂಪರ್ಕದ ವಿಷಯಕ್ಕೆ ಬಂದರೆ, ಎಸ್‌ಎಸ್‌ಎಲ್ ಮೋಡ್ (ಸಂಪರ್ಕದ ಸುರಕ್ಷತೆಯ ಮಟ್ಟ) ‘ವೆರಿಫೈ-ಫುಲ್’ ಇರಲೇಬೇಕು. ‘ರಿಕ್ವೈರ್’ ಎಂದಿಟ್ಟರೆ ಮಾಹಿತಿ ಗೂಢಲಿಪಿಯಲ್ಲೇ ಹೋಗುತ್ತದೆ, ಆದರೆ ಆಚೆ ತುದಿಯಲ್ಲಿರುವುದು ನಮ್ಮದೇ ಸರ್ವರ್ ಎಂಬ ಖಾತರಿ ಇರುವುದಿಲ್ಲ. ಯೂಸರ್ ಮ್ಯಾಪಿಂಗ್‌ನಲ್ಲಿ (ದೂರದ ಸರ್ವರ್‌ಗೆ ಯಾವ ಬಳಕೆದಾರನಾಗಿ ಹೋಗಬೇಕೆಂದು ಹೇಳುವ ದಾಖಲೆಯಲ್ಲಿ) ಬರೆದ ಪಾಸ್‌ವರ್ಡ್ ಡೇಟಾಬೇಸ್ ಒಳಗೆ ಸಾದಾ ಅಕ್ಷರಗಳಲ್ಲಿಯೇ ಕುಳಿತಿರುತ್ತದೆ, ಬ್ಯಾಕಪ್ ಫೈಲಿಗೂ ಹೋಗಬಹುದು. 13ನೇ ಆವೃತ್ತಿಯಿಂದ ಅಲ್ಲಿ ಕ್ಲೈಂಟ್ ಪ್ರಮಾಣಪತ್ರವನ್ನು, ಅಂದರೆ ಸಂಪರ್ಕಿಸುವವರ ಗುರುತು ಸಾಬೀತುಪಡಿಸುವ ಡಿಜಿಟಲ್ ಫೈಲನ್ನು, ಕೊಡಬಹುದು. ನಾನು ಅದನ್ನೇ ಆರಿಸಿಕೊಂಡೆ.

ಎಲ್ಲ ಸರಿಹೋಯಿತು ಎನ್ನುವಾಗ ಪ್ರಯೋಗಾಲಯದ ದಿನವಾರು ಲೆಕ್ಕ ತಾಳೆಯಾಗಲಿಲ್ಲ. ಅದೇ ವ್ಯೂ ಪ್ರಯೋಗಾಲಯದ ಸರ್ವರ್‌ನಲ್ಲಿ ಒಂದು ಉತ್ತರ ಕೊಡುತ್ತಿತ್ತು, ವರದಿ ಸರ್ವರ್‌ನಿಂದ ಕೇಳಿದರೆ ಇನ್ನೊಂದು. ತಿಂಗಳ ಮೊತ್ತದಲ್ಲಿ ವ್ಯತ್ಯಾಸ ಅಲ್ಪ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ತೆಗೆದ ಮಾದರಿಗಳಷ್ಟೇ ಹಿಂದಿನ ದಿನಕ್ಕೆ ಸರಿದಿದ್ದವು. ಆ ಗಂಟೆ ನೋಡಿದೊಡನೆ ಗುಟ್ಟು ಹೊಳೆಯಿತು: ಎಫ್‌ಡಿಡಬ್ಲ್ಯೂ ತಾನು ತೆರೆಯುವ ಸಂಪರ್ಕದಲ್ಲಿ ಕಾಲವಲಯವನ್ನು ನಮಗಿಂತ ಐದೂವರೆ ಗಂಟೆ ಹಿಂದಿರುವ ಗ್ರೀನಿಚ್‌ಗೆ ಬದಲಿಸುತ್ತದೆ. ದಿನಾಂಕ ತೆಗೆಯುವ ಪ್ರತಿ ಕಡೆಯೂ ‘ಏಷ್ಯಾ/ಕೋಲ್ಕತಾ’ ಎಂದು ವ್ಯೂನಲ್ಲಿಯೇ ಬರೆದ ಮೇಲೆ ಲೆಕ್ಕ ಕೂಡಿತು.

ಔಷಧಿ ಮಳಿಗೆಯ ತಂತ್ರಾಂಶ ಹೊರಗಿನವರದು, ನೇರ ಸಂಪರ್ಕಕ್ಕೆ ಅವರು ಒಪ್ಪಲಿಲ್ಲ. ಅಲ್ಲೊಂದು ಸ್ಕ್ರಿಪ್ಟ್ ಸಂಖ್ಯೆಗಳನ್ನು ಅದೇ ಕೀಲಿಯಿಂದ ಮರೆಮಾಡಿ ರಾತ್ರಿ ಫೈಲ್ ಕಳುಹಿಸುತ್ತದೆ. ಒಂದು ದಿನ ತಡವಾದರೆ ಯಾರಿಗೂ ನಷ್ಟವಿಲ್ಲ.

ವರದಿ ನೋಡುವವರು ದೂರದ ಟೇಬಲ್‌ಗಳನ್ನು ನೇರವಾಗಿ ಮುಟ್ಟುವುದಿಲ್ಲ. ರಾತ್ರಿ ತುಂಬುವ ಮೆಟೀರಿಯಲೈಸ್ಡ್ ವ್ಯೂ (ಫಲಿತಾಂಶವನ್ನೇ ಉಳಿಸಿಟ್ಟ ಪ್ರತಿ) ಅವರ ಪಾಲಿಗೆ. ಹಗಲಿನ ಬಿಲ್ಲಿಂಗ್‌ಗೂ ಭಾರ ಬೀಳುವುದಿಲ್ಲ. ಈಗಲೂ ಆಗಾಗ ಯಾರಾದರೂ ಬಂದು ‘ಸರ್, ಇದರಲ್ಲಿ ಹೆಸರೂ ಬರುವ ಹಾಗೆ ಮಾಡಿ’ ಎನ್ನುತ್ತಾರೆ. ಈ ಸರ್ವರ್‌ನಲ್ಲಿ ಹೆಸರೇ ಇಲ್ಲ, ಬೇಕಾದರೆ ಕಾರಣ ಬರೆದು ನೋಂದಣಿ ವಿಭಾಗಕ್ಕೆ ಕೊಡಿ ಎನ್ನುತ್ತೇನೆ. ಬಹುತೇಕರಿಗೆ ಬರೆಯಲು ಕಾರಣ ಸಿಗುವುದಿಲ್ಲ. ನನಗೆ ಉಳಿದಿರುವ ತಲೆನೋವು ಪ್ರಮಾಣಪತ್ರಗಳ ಅವಧಿ. ಅದು ಮುಗಿದ ರಾತ್ರಿ ಹೊಸ ದತ್ತಾಂಶ ಬರುವುದಿಲ್ಲ, ವರದಿ ಮಾತ್ರ ಹಳೆಯ ಅಂಕಿಗಳೊಂದಿಗೆ ಏನೂ ಆಗದಂತೆ ತೆರೆದುಕೊಳ್ಳುತ್ತದೆ. ಅದಕ್ಕೇ ಪ್ರತಿ ಪುಟದ ಮೇಲೂ ಮೂರೂ ಮೂಲಗಳಿಂದ ಕೊನೆಯ ಬಾರಿ ದತ್ತಾಂಶ ಬಂದ ಸಮಯವನ್ನು ಹಾಕಿಸಿದ್ದೇನೆ.