ಚಿತ್ರವನ್ನು ಮೊದಲು ಮಗುಚಿ ನೋಡಿ

ಮೂವತ್ತು ವರ್ಷ ವಿಮಾನಗಳ ಹೊಟ್ಟೆಯಡಿ ಮಲಗಿ ರಿವೆಟ್ ಹೊಡೆದವನು ನಾನು. ನಿವೃತ್ತನಾದ ಮೇಲೆ ವಾರಕ್ಕೆರಡು ದಿನ ಒಂದು ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಕುಳಿತು ಯುದ್ಧವಿಮಾನಗಳ ಹಳೆಯ ಫೋಟೊಗಳನ್ನೂ ವರ್ಣಚಿತ್ರಗಳನ್ನೂ ಪಟ್ಟಿ ಮಾಡುತ್ತೇನೆ. ಹೊಸ ಸ್ವಯಂಸೇವಕರು ಪೆಟ್ಟಿಗೆ ತೆರೆದೊಡನೆ ಮಾಡುವ ಕೆಲಸ ಒಂದೇ, ವಿಮಾನದ ಹೆಸರು ಕೂಗುವುದು. ಒಬ್ಬ ಸ್ಪಿಟ್‌ಫೈರ್ ಎನ್ನುತ್ತಾನೆ, ಇನ್ನೊಬ್ಬ ಅಲ್ಲ, ಹರಿಕೇನ್ ಎನ್ನುತ್ತಾನೆ. ವಿಮಾನ ಎಲ್ಲಿಗೂ ಹಾರಿಹೋಗುವುದಿಲ್ಲ, ಚಿತ್ರವನ್ನು ಮೊದಲು ಮಗುಚಿ ಎಂದು ನಾನು ಹೇಳುತ್ತೇನೆ.

ಫೋಟೊದ ಬೆನ್ನ ಮೇಲೆ ಇರುವುದು ಅದರ ಜಾತಕ. ಸುದ್ದಿಸಂಸ್ಥೆಯ ಮೊಹರು, ಸೆನ್ಸಾರ್ ಅಧಿಕಾರಿಯ ಒಪ್ಪಿಗೆಯ ಮುದ್ರೆ, ನೆಗೆಟಿವ್ ಸಂಖ್ಯೆ, ಯಾರೋ ಪೆನ್ಸಿಲಿನಲ್ಲಿ ಗೀಚಿದ ಊರು, ಇನ್ನಾರೋ ಇಪ್ಪತ್ತು ವರ್ಷದ ನಂತರ ಶಾಯಿಯಲ್ಲಿ ಹಾಕಿದ ತಪ್ಪು ಇಸವಿ. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ನಕಲು ಮಾಡಿ, ಕಾಗುಣಿತದ ತಪ್ಪನ್ನೂ ತಿದ್ದಬೇಡಿ. ಪ್ರತಿ ಚಿತ್ರಕ್ಕೂ ನಾನು ಬರೆದಿಡುವ ಕಾರ್ಡಿನಲ್ಲಿ ಮೂರು ಕಲಮುಗಳಿವೆ: ಬರೆದಿರುವುದು, ಕಾಣುವುದು, ನಾನು ಊಹಿಸುವುದು. ಈ ಮೂರು ಬೆರೆತವೋ, ಮುಂದೆ ಬರುವವನಿಗೆ ಯಾವುದನ್ನು ನಂಬಬೇಕೆಂದು ತಿಳಿಯುವ ದಾರಿಯೇ ಇಲ್ಲ. ಅಡಿಬರಹ ಎಂಬುದು ಹೆಚ್ಚಿನ ಸಲ ಯಾರದೋ ಊಹೆ, ಕಾಲ ಕಳೆದಂತೆ ಸಾಕ್ಷಿಯ ವೇಷ ತೊಟ್ಟು ನಿಂತಿರುತ್ತದೆ.

ಮುಟ್ಟುವ ವಿಷಯ ಬೇಗ ಮುಗಿಸುತ್ತೇನೆ. ಬಿಳಿ ಹತ್ತಿಯ ಕೈಗವಸು ನೋಡಲು ಗಂಭೀರವಾಗಿರುತ್ತದೆ, ಆದರೆ ಜಾರುತ್ತದೆ, ಹರಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ನೈಟ್ರೈಲ್ ಕೈಗವಸು ಒಳ್ಳೆಯದು. ಮೇಜಿನ ಮೇಲೆ ಪೆನ್ನು ಬೇಡ, ಮೃದುವಾದ ಪೆನ್ಸಿಲ್ ಸಾಕು. ಲಕೋಟೆಯ ಮೇಲೆ ಏನಾದರೂ ಬರೆಯಬೇಕಿದ್ದರೆ ಫೋಟೊ ಒಳಗಿಡುವ ಮೊದಲೇ ಬರೆಯಿರಿ, ಇಲ್ಲದಿದ್ದರೆ ಅಕ್ಷರದ ಒತ್ತು ಮುಂಭಾಗಕ್ಕೆ ಇಳಿಯುತ್ತದೆ. ನೆಗೆಟಿವ್‌ಗಳಿದ್ದರೆ ಮೂಗನ್ನೂ ಕೆಲಸಕ್ಕೆ ಹಚ್ಚಿ. ಪೆಟ್ಟಿಗೆ ತೆರೆದೊಡನೆ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ. ಹಳದಿಗಟ್ಟಿ, ಅಂಟಂಟಾಗಿ, ಘಾಟು ಹೊಡೆಯುತ್ತಿದ್ದರೆ ಅದು ನೈಟ್ರೇಟ್ ಫಿಲ್ಮ್ ಆಗಿರಬಹುದು. ಅದು ಒಮ್ಮೆ ಹೊತ್ತಿಕೊಂಡರೆ ನೀರು ಸುರಿದರೂ ಆರುವುದಿಲ್ಲ. ಅಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ ಸಂರಕ್ಷಕರನ್ನು ಕರೆಯಿರಿ.

ಇನ್ನು ಚಿತ್ರದ ಮುಖ. ನನ್ನ ಮೊದಲ ದೊಡ್ಡ ಎಡವಟ್ಟು ನಡೆದದ್ದು ಇಲ್ಲಿಯೇ. ಮೊದಲ ಮಹಾಯುದ್ಧದ ಜೋಡಿರೆಕ್ಕೆಯ ವಿಮಾನವೊಂದರ ಫೋಟೊ ಬಂದಿತ್ತು. ರೆಕ್ಕೆಯ ಮೇಲಿನ ವೃತ್ತಾಕಾರದ ದೇಶಲಾಂಛನವಾದ ರೌಂಡೆಲ್‌ನಲ್ಲಿ ನಡುವಿನ ಬೊಟ್ಟು ಕಪ್ಪಾಗಿ, ಹೊರಗಿನ ಬಳೆ ಬೂದಿಯಂತೆ ತೆಳುವಾಗಿ ಕಾಣುತ್ತಿತ್ತು. ಬ್ರಿಟಿಷ್ ಲಾಂಛನದಲ್ಲಿ ನಡುವೆ ಕೆಂಪು, ಹೊರಗೆ ನೀಲಿ. ಫ್ರೆಂಚರದ್ದು ಅದರ ತಿರುವುಮುರುವು. ನೀಲಿ ಎಂದರೆ ಗಾಢ ಬಣ್ಣವಲ್ಲವೇ, ಹಾಗಾದರೆ ನಡುವೆ ಇರುವುದು ನೀಲಿ, ವಿಮಾನ ಫ್ರೆಂಚರದ್ದು ಎಂದು ಕಾರ್ಡಿನಲ್ಲಿ ಧೈರ್ಯವಾಗಿ ಬರೆದೆ. ಮೂರು ದಿನ ಕಳೆದ ಮೇಲೆ ಭೂತಗನ್ನಡಿ ಹಿಡಿದು ಬಾಲದ ಕಡೆ ನೋಡಿದರೆ ಒಂದು ಅಕ್ಷರ, ಅದರ ಮುಂದೆ ನಾಲ್ಕು ಅಂಕಿ. ಅಪ್ಪಟ ಬ್ರಿಟಿಷ್ ಕ್ರಮಸಂಖ್ಯೆ.

ತಪ್ಪು ನನ್ನ ಕಣ್ಣಿನದು. ಆ ಕಾಲದಲ್ಲಿ ಫೋಟೊ ತೆಗೆಯುತ್ತಿದ್ದ ಹೆಚ್ಚಿನ ಗಾಜಿನ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ನೀಲಿಯ ಮೇಲೆ ಮಾತ್ರ ವಿಪರೀತ ಮೋಹ. ಆದ್ದರಿಂದ ಕೆಂಪು ಕಪ್ಪಾಗುತ್ತದೆ, ನೀಲಿ ಬಿಳುಚಿಕೊಳ್ಳುತ್ತದೆ. ಆರ್ಥೊಕ್ರೊಮ್ಯಾಟಿಕ್, ಅಂದರೆ ಕೆಂಪು ಕಾಣದ, ಫಿಲ್ಮಿನಲ್ಲಿ ಹಳದಿಯೂ ಮಂಕಾಗುತ್ತದೆ, ತರಬೇತಿ ವಿಮಾನದ ಉಜ್ವಲ ಹಳದಿ ಮಣ್ಣಿನ ಬಣ್ಣದಂತೆ ಕಾಣುತ್ತದೆ. ನಂತರ ಬಂದ ಪ್ಯಾನ್‌ಕ್ರೊಮ್ಯಾಟಿಕ್, ಅಂದರೆ ಎಲ್ಲ ಬಣ್ಣವೂ ಕಾಣುವ, ಫಿಲ್ಮಿನಲ್ಲಿ ಹಳದಿ ತೆಳುವಾಗಿಯೇ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಎರಡೂ ಬಳಕೆಯಲ್ಲಿದ್ದವು, ಹಾಗಾಗಿ ಇಸವಿ ನೋಡಿ ಫಿಲ್ಮ್ ಯಾವುದೆಂದು ಹೇಳಲಾಗದು. ಉಪಾಯ ಇಷ್ಟೆ: ಅದೇ ಫೋಟೊದಲ್ಲಿ ಬಣ್ಣ ಗೊತ್ತಿರುವ ಇನ್ನೊಂದನ್ನು ಹುಡುಕಿ. ಪಕ್ಕದಲ್ಲಿ ನಿಂತ ಸಿಬ್ಬಂದಿಯ ತುಟಿ ಕಪ್ಪಾಗಿ, ಆಕಾಶ ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಆ ಫಿಲ್ಮಿಗೆ ಕೆಂಪು ಕಂಡಿಲ್ಲ ಎಂದು ಅನುಮಾನಿಸಿ. ವಿಮಾನದ ಬಣ್ಣದ ಮಾತು ಆಮೇಲೆ.

ಕಾಲ ನಿರ್ಣಯಕ್ಕೆ ಲಾಂಛನಗಳಷ್ಟು ಉಪಕಾರಿ ಬೇರೆ ಇಲ್ಲ. ಅಮೆರಿಕದ ವಿಮಾನಗಳನ್ನೇ ನೋಡಿ. ಬಿಳಿ ನಕ್ಷತ್ರದ ನಡುವಿನ ಕೆಂಪು ಬೊಟ್ಟನ್ನು 1942ರ ಮೇ ತಿಂಗಳಲ್ಲಿ ತೆಗೆದುಹಾಕಲು ಆದೇಶವಾಯಿತು, ಜಪಾನಿನ ಕೆಂಪು ಸೂರ್ಯನೆಂದು ತಮ್ಮವರೇ ಗುಂಡು ಹಾರಿಸಬಾರದೆಂದು. 1943ರ ಜೂನ್ ಕೊನೆಗೆ ನಕ್ಷತ್ರದ ಎರಡೂ ಬದಿಗೆ ಬಿಳಿ ಪಟ್ಟಿಗಳು, ಸುತ್ತಲೂ ಕೆಂಪು ಅಂಚು ಬಂದವು. ಕೆಲವೇ ತಿಂಗಳಲ್ಲಿ ಆ ಅಂಚು ನೀಲಿಯಾಯಿತು. ಬಿಳಿ ಪಟ್ಟಿಯ ನಡುವೆ ಕೆಂಪು ಗೆರೆ ಸೇರಿದ್ದು 1947ರಲ್ಲಿ. ಬರ್ಮಾ ರಣರಂಗದಲ್ಲಿ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ರೌಂಡೆಲ್‌ನಿಂದಲೂ ಕೆಂಪನ್ನು ಇದೇ ಕಾರಣಕ್ಕೆ ಅಳಿಸಿದರು. ಆದರೆ ಒಂದು ಎಚ್ಚರಿಕೆ. ಲಾಂಛನವು 'ಇದಕ್ಕಿಂತ ಹಿಂದಿನದಲ್ಲ' ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತದೆ. ಆದೇಶ ಕಚೇರಿಯಿಂದ ಹೊರಟ ದಿನವೇ ದೂರದ ದ್ವೀಪದ ಮೆಕ್ಯಾನಿಕ್ ಬಣ್ಣದ ಡಬ್ಬ ಹಿಡಿದು ಏಣಿ ಹತ್ತುವುದಿಲ್ಲ. ಏಣಿ ಹತ್ತಿದವನಾಗಿ ಹೇಳುತ್ತಿದ್ದೇನೆ.

ಮಿತ್ರರಾಷ್ಟ್ರಗಳ ವಿಮಾನಗಳ ಮೇಲಿನ ನಾರ್ಮಂಡಿ ದಾಳಿಯ ಪಟ್ಟೆಗಳನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ಮೂರು ಬಿಳಿ, ಎರಡು ಕಪ್ಪು. 1944ರ ಜೂನ್ 6ಕ್ಕೆ ಸ್ವಲ್ಪ ಮೊದಲು, ಗುಟ್ಟು ಹೊರಬೀಳದಂತೆ ಅವಸರದಲ್ಲಿ ಬಳಿದದ್ದು. ಅಂದಿನ ಫೋಟೊಗಳಲ್ಲಿ ಎಷ್ಟೋ ಪಟ್ಟೆಗಳು ಸೊಟ್ಟ, ಕುಂಚದ ಎಳೆಗಳು ಎದ್ದು ಕಾಣುತ್ತವೆ. ಈಚಿನ ವರ್ಣಚಿತ್ರಗಳಲ್ಲಿ ಅದೇ ಪಟ್ಟೆಗಳು ಅಳತೆಪಟ್ಟಿ ಇಟ್ಟು ಎಳೆದಂತೆ ನೆಟ್ಟಗಿರುತ್ತವೆ.

ಬೆಳಕನ್ನು ಓರೆಯಾಗಿ ಹಾಯಿಸಿ ನೋಡುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ಸಣ್ಣ ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದರೆ ಮೇಲೆ ಬಣ್ಣ ಹಚ್ಚಿದ ಜಾಗ ಸುತ್ತಲಿನ ಹೊಳಪಿಗೆ ಹೊಂದದೆ ಮಂಕಾಗಿ ಕಾಣುತ್ತದೆ. ಯುದ್ಧಕಾಲದ ಸೆನ್ಸಾರಿನವರು ರೇಡಾರ್ ಆಂಟೆನಾಗಳನ್ನೂ ಸ್ಕ್ವಾಡ್ರನ್ ಅಕ್ಷರಗಳನ್ನೂ ಹೀಗೆ ಅಳಿಸುತ್ತಿದ್ದರು. ಮೂಗಿನ ಮೇಲೆ ಏನೂ ಇಲ್ಲದ ರಾತ್ರಿ ಕಾದಾಟದ ವಿಮಾನ ಸಿಕ್ಕರೆ ಹೊಸ ಮಾದರಿ ಕಂಡುಹಿಡಿದೆನೆಂದು ಹಿಗ್ಗಬೇಡಿ, ಮೊದಲು ಟಾರ್ಚ್ ಹಿಡಿಯಿರಿ.

ಫೋಟೊ ತೀರಾ ಚೆನ್ನಾಗಿದ್ದರೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ. 1930ರ ದಶಕದಲ್ಲಿ ಮೊದಲ ಮಹಾಯುದ್ಧದ ಆಕಾಶ ಕಾಳಗದ ಅದ್ಭುತ ಫೋಟೊಗಳು ಬೆಳಕಿಗೆ ಬಂದವು, 1933ರಲ್ಲಿ ಪುಸ್ತಕವೂ ಆದವು. ಡಿಕ್ಕಿ ಹೊಡೆದ ವಿಮಾನಗಳು, ಉರಿಯುತ್ತ ಬೀಳುವ ಯಂತ್ರಗಳು, ಎಲ್ಲವೂ ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ. ಅರ್ಧ ಶತಮಾನ ವಾದ ನಡೆಯಿತು. ವೆಸ್ಲಿ ಆರ್ಚರ್ ಎಂಬ ಮಾದರಿ ತಯಾರಕ ಆಟಿಕೆಯಂಥ ಪುಟ್ಟ ವಿಮಾನಗಳನ್ನಿಟ್ಟು ಅವನ್ನು ತೆಗೆದಿದ್ದನೆಂದು 1984ರಲ್ಲಿ ಸ್ಮಿತ್ಸೋನಿಯನ್ನಿನ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯಕ್ಕೆ ಬಂದ ಕಾಗದಪತ್ರಗಳಿಂದ ಗೊತ್ತಾಯಿತು. ಅಲುಗಾಡುವ ತೆರೆದ ಆಸನದಿಂದ ತೆಗೆದ ಫೋಟೊದಲ್ಲಿ ಎಲ್ಲಾದರೂ ಒಂದು ರೆಕ್ಕೆಯ ತುದಿ ಕತ್ತರಿಸಿಹೋಗಬೇಕು, ಏನಾದರೂ ಮಸುಕಾಗಬೇಕು. ಹಾಗೆಂದು ಜೋಡಿಸಿದ್ದೆಲ್ಲ ಕಸವಲ್ಲ. ಆಸ್ಟ್ರೇಲಿಯಾದ ಅಧಿಕೃತ ಛಾಯಾಗ್ರಾಹಕ ಫ್ರಾಂಕ್ ಹರ್ಲಿ ಹಲವು ನೆಗೆಟಿವ್‌ಗಳನ್ನು ಸೇರಿಸಿ ಕಾಲಾಳುಗಳ ತಲೆಯ ಮೇಲೆ ವಿಮಾನಗಳನ್ನು ಹಾರಿಸಿದ, ಅದಕ್ಕೆ ಆ ದೇಶದ ಯುದ್ಧ ಇತಿಹಾಸಕಾರ ಚಾರ್ಲ್ಸ್ ಬೀನ್ ಜೊತೆ ಜಗಳವನ್ನೂ ಕಟ್ಟಿಕೊಂಡ. ಅಂಥದ್ದನ್ನು 'ಜೋಡಣೆ' ಎಂದು ದಾಖಲಿಸಿ ಇಟ್ಟುಕೊಳ್ಳಿ.

ವರ್ಣಚಿತ್ರಕ್ಕೆ ಬಂದಾಗ ಕಾರ್ಡಿನಲ್ಲಿ ಎರಡು ಇಸವಿಗಳಿಗೆ ಜಾಗ ಬೇಕು: ಘಟನೆ ನಡೆದದ್ದು, ಚಿತ್ರ ಬರೆದದ್ದು. ಕಲಾವಿದ ಸಿಡ್ನಿ ಕಾರ್ಲೈನ್ ಸ್ವತಃ ಪೈಲಟ್, ಇಟಲಿಯ ಮೇಲೆ ಕ್ಯಾಮಲ್ ಯುದ್ಧವಿಮಾನ ಹಾರಿಸಿದವನು, ಆಕಾಶದಲ್ಲಿಯೇ ಸ್ಕೆಚ್ ಹಾಕಿದವನು. ಅವನ 1918ರ ಚಿತ್ರಕ್ಕೆ ಪ್ರತ್ಯಕ್ಷ ನೋಟದ ತೂಕವಿದೆ. ಬ್ರಿಟಿಷ್ ಕಲಾವಿದ ಪಾಲ್ ನ್ಯಾಶ್ 1941ರಲ್ಲಿ ಬರೆದ ಬ್ರಿಟನ್ ವಾಯುಕದನದ ದೊಡ್ಡ ಚಿತ್ರ ಯಾವುದೋ ಒಂದು ಮಧ್ಯಾಹ್ನದ ವರದಿಯಲ್ಲ, ಇಡೀ ಕದನವನ್ನು ಒಂದೇ ಆಕಾಶಕ್ಕೆ ಇಳಿಸಿದ ಕಲ್ಪನೆ. ಅಲ್ಲಿನ ಹೊಗೆಯ ಗೆರೆಗಳನ್ನು ಎಣಿಸಿ ವಿಮಾನಗಳ ಲೆಕ್ಕ ಹಾಕಲು ಹೊರಟ ಹುಡುಗನೊಬ್ಬನನ್ನು ನಾನು ಚಹಾಕ್ಕೆ ಕಳುಹಿಸಿದ್ದೆ. ಅದೇ ನ್ಯಾಶ್, ಸತ್ತ ಸಮುದ್ರದಂತೆ ಬಿದ್ದ ಜರ್ಮನ್ ವಿಮಾನಗಳ ಚಿತ್ರಕ್ಕೆ ಮೊದಲು ಆಕ್ಸ್‌ಫರ್ಡ್ ಬಳಿಯ ಕೌಲಿಯ ಗುಜರಿ ರಾಶಿಗೆ ಹೋಗಿ ತಾನೇ ಫೋಟೊ ತೆಗೆದಿದ್ದ. ಹೀಗೆ ಚಿತ್ರಕ್ಕೂ ಫೋಟೊಗೂ ಸಂಬಂಧ ಕಂಡರೆ ಎರಡೂ ಕಾರ್ಡುಗಳಲ್ಲಿ ಒಂದರ ಸಂಖ್ಯೆಯನ್ನು ಇನ್ನೊಂದರಲ್ಲಿ ಬರೆಯಿರಿ.

ಕಲಾವಿದ ನಿಜ ವಿಮಾನ ನೋಡಿದ್ದನೋ, ನಿಲ್ಲಿಸಿದ ವಿಮಾನದ ಫೋಟೊ ನೋಡಿ ಬರೆದನೋ ಎಂದು ತಿಳಿಯಲು ಕೆಳಗಡೆ ನೋಡಿ. ನೆಲದ ಮೇಲೆ ಭಾರಕ್ಕೆ ಕುಗ್ಗುವ ಚಕ್ರದ ಕಾಲು ಹಾರುವಾಗ ಪೂರ್ತಿ ಚಾಚಿಕೊಳ್ಳುತ್ತದೆ. ಇಳಿಯುತ್ತಿರುವ ವಿಮಾನದ ಕಾಲು ಕುಗ್ಗಿದ್ದರೆ ಕಲಾವಿದನ ಮುಂದಿದ್ದದ್ದು ನಿಂತ ವಿಮಾನ. ಮೆಸ್ಸರ್‌ಶ್ಮಿಟ್ 109 ಎಂಬ ಜರ್ಮನ್ ಯುದ್ಧವಿಮಾನದ ರೆಕ್ಕೆಯ ಮುಂದಿನ ಅಂಚಿನಲ್ಲಿರುವ ಚಲಿಸುವ ಪಟ್ಟಿಗಳಾದ ಸ್ಲ್ಯಾಟ್‌ಗಳೂ ಹಾಗೆಯೇ, ನಿಂತಾಗ ತೆರೆದುಕೊಂಡಿರುತ್ತವೆ, ವೇಗದಲ್ಲಿ ಗಾಳಿಯೇ ಅವನ್ನು ಮುಚ್ಚುತ್ತದೆ. ನೇರವಾಗಿ ಶರವೇಗದಲ್ಲಿ ಧಾವಿಸುವ 109ರ ಸ್ಲ್ಯಾಟ್ ಬಾಯಿ ತೆರೆದಿದ್ದರೆ ಅದನ್ನು 'ಕಾಣುವುದು' ಎಂಬ ಕಲಮಿನಲ್ಲಿ ಬರೆಯಿರಿ, ಕಲಾವಿದನ ಮೇಲೆ ಕೋಪ ಬೇಡ. ಮೂಲಚಿತ್ರವೋ ಮುದ್ರಿತ ಪ್ರತಿಯೋ ಎಂಬ ಸಂಶಯಕ್ಕೆ ಭೂತಗನ್ನಡಿ ಸಾಕು, ಆಫ್‌ಸೆಟ್ ಮುದ್ರಣದಲ್ಲಿ ಬಣ್ಣ ಚುಕ್ಕಿಗಳಾಗಿ ಒಡೆಯುತ್ತದೆ. ಅಂಚಿನ ಪೆನ್ಸಿಲ್ ಸಹಿ ಕಂಡು ಮೋಸ ಹೋಗಬೇಡಿ, ಮುದ್ರಿತ ಪ್ರತಿಗೂ ಸಹಿ ಹಾಕುತ್ತಾರೆ.

ಸ್ಕ್ಯಾನ್ ಮಾಡುವಾಗ ಬೆನ್ನನ್ನೂ ಮಾಡಿ. ಪ್ರದರ್ಶನಕ್ಕೆ ಹೋದ ಫೋಟೊಗೆ, ಜಲವರ್ಣಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡ, ತೈಲವರ್ಣ 200ರವರೆಗೆ ತಾಳುತ್ತದೆ. ಪ್ರತಿ ನಿಮ್ಮ ಕಪಾಟಿನಲ್ಲಿದೆ ಎಂದ ಮಾತ್ರಕ್ಕೆ ಹಕ್ಕು ನಿಮ್ಮದಲ್ಲ. ಬ್ರಿಟಿಷ್ ಸರ್ಕಾರದ ಛಾಯಾಗ್ರಾಹಕರು 1957ರ ಜೂನ್ 1ಕ್ಕಿಂತ ಮೊದಲು ತೆಗೆದ ಫೋಟೊಗಳ ಹಕ್ಕು ಮುಗಿದಿದೆ, ಪಕ್ಕದಲ್ಲೇ ಇರುವ ಪತ್ರಿಕಾ ಫೋಟೊದ ಕಥೆ ಬೇರೆ ಇರಬಹುದು.

ತಪ್ಪು ಕಂಡರೆ ಹಳೆಯ ಬರಹವನ್ನು ಉಜ್ಜಿ ಅಳಿಸಬೇಡಿ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು, ಕಾರಣ, ದಿನಾಂಕ, ನಿಮ್ಮ ಹೆಸರಿನ ಮೊದಲಕ್ಷರ ಬರೆಯಿರಿ. ನನ್ನ 'ಫ್ರೆಂಚ್' ವಿಮಾನದ ಕಾರ್ಡು ಮೂರನೆಯ ಸೆಳೆಖಾನೆಯಲ್ಲಿ ಈಗಲೂ ಹಾಗೆಯೇ ಇದೆ. ಹೊಸಬರು ಸೇರಿದ ದಿನ ಅವರಿಗೆ ನಾನು ತೆಗೆದು ತೋರಿಸುವ ಮೊದಲ ಕಾರ್ಡು ಅದು.